ವಿಎಂನ ಅಂಕಿಅಂಶ ಸಾದಾ ಯೂಸರ್ ಪ್ರೋಗ್ರಾಂಗೆ ರೂಟ್ ಇಲ್ದ ಹೆಂಗ ಕೊಡೂದು?

ನವನಗರ_ಲ್ಯಾಬ್, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಕೋಟಿ ನವನಗರದಾಗ ಒಂದು ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನಾನು ನೋಡ್ಕೊಳ್ತೀನಿ. 16 ಕೋರಿನ ಒಂದ ಸರ್ವರ್ ಐತಿ. ಅದರ ಮ್ಯಾಲೆ ಕೆವಿಎಂನಾಗ (ಲಿನಕ್ಸ್ ಕರ್ನಲ್‌ನ ವರ್ಚುವಲ್ ಮಷೀನ್ ಓಡಿಸೂ ಸೌಲಭ್ಯ) 40 ವಿಎಂ, ಅಂದ್ರ ವರ್ಚುವಲ್ ಮಷೀನ್, ಮಾಡಿ ಹುಡುಗರಿಗೆ ಕೊಟ್ಟೀವಿ, ಒಂದೊಂದಕ್ಕ 2 ವಿಸಿಪಿಯು (ವರ್ಚುವಲ್ ಸಿಪಿಯು). ಅಂದ್ರ 80 ವಿಸಿಪಿಯು 16 ಕೋರಿಗೆ ಬಡದಾಡತಾವು.

ಅಲ್ಗಾರಿದಮ್ ಲ್ಯಾಬಿನಾಗ ಒಂದು ಪ್ರಯೋಗ ಐತ್ರಿ, ವಿಟಿಯುದಾಗ ಓದಿದವರಿಗೆಲ್ಲಾ ಗೊತ್ತಿದ್ದದ್ದ: ಕ್ವಿಕ್ ಸಾರ್ಟ್, ಮರ್ಜ್ ಸಾರ್ಟ್ ಬರದು, ಎನ್ 5000ಕ್ಕಿಂತ ಮ್ಯಾಲಿನ ಬ್ಯಾರೆ ಬ್ಯಾರೆ ಬೆಲೆಗೆ ಓಡಿಸಿ, ಹಿಡದ ಟೈಮ್ ಬರ್ಕೊಂಡು ಗ್ರಾಫ್ ಹಾಕೂದು. ಒಂದ ಬ್ಯಾಚ್ ಇದ್ದಾಗ ಗ್ರಾಫ್ ಚಂದ ಬರ್ತೈತಿ. ಎರಡು ಬ್ಯಾಚ್ ಒಟ್ಟಿಗೆ ಕುಂತ್ರ ಮುಗೀತು, 20000ಕ್ಕ ಹಿಡದ ಟೈಮ್ 30000ದ್ದಕ್ಕಿಂತ ಹೆಚ್ಚಿಗಿ ಬರ್ತೈತಿ. ಹೋದ ವಾರ ಒಬ್ಬಾಕಿ ಹುಡುಗಿ "ಮೇಡಂ, ನನ್ನ ಕೋಡ್ ತಪ್ಪೈತ್ರಿ" ಅಂತ ಸರಿ ಇದ್ದ ಪಾರ್ಟಿಷನ್ ಫಂಕ್ಷನ್ ಅಳಿಸಿ ಮತ್ತ ಬರಿಯಾಕ ಕುಂತಿದ್ಲು. ಆಕಿ ಕೋಡಿನಾಗ ಏನೂ ತಪ್ಪಿರಲಿಲ್ಲ. ಆಕಿ ವಿಎಂಗೆ ಆ ಹೊತ್ತಿನಾಗ ಸಿಪಿಯುನ ಸಿಕ್ಕಿರಲಿಲ್ಲ. ಇದು ನನಗ ಭಾಳ ಸಂಕಟ ಆತು. ಮಷೀನಿನ ಮ್ಯಾಲಿನ ಭಾರ ಕಲಿಯೋ ಹುಡುಗಿ ತಲಿ ಮ್ಯಾಲೆ ಬೀಳಬಾರದು.

ಅದಕ್ಕ ನನಗ ಬೇಕಾಗಿದ್ದು ಇಷ್ಟು. ಹುಡುಗರ ಪ್ರೋಗ್ರಾಂ ತಾನ, ಸಾದಾ ಯೂಸರ್ ಆಗಿ, "ಈ ಓಟದಾಗ ನನ್ನ ವಿಎಂಗೆ ಇಷ್ಟು ಹೊತ್ತು ಸಿಪಿಯು ಸಿಗಲಿಲ್ಲ" ಅನ್ನೂ ಅಂಕಿ ಓದಿ ರಿಸಲ್ಟ್ ಪಕ್ಕದಾಗ ಪ್ರಿಂಟ್ ಮಾಡಬೇಕು. ಇನ್ನೊಂದು, ಲ್ಯಾಬಿನ ಗೋಡಿ ಮ್ಯಾಲಿನ ಪರದೆಗೆ ಎಲ್ಲಾ ವಿಎಂಗಳ ಪರಿಸ್ಥಿತಿ ತೋರಿಸಬೇಕು. ಸದ್ಯ ಹೋಸ್ಟ್‌ನಾಗ, ಅಂದ್ರ ಆ ಮೂಲ ಸರ್ವರ್‌ನಾಗ, /ಸಿಸ್/ಕರ್ನಲ್/ಡೀಬಗ್/ಕೆವಿಎಂ ಒಳಗ ಎಕ್ಸಿಟ್ಸ್ (ವಿಎಂ ಓಟ ನಿಲ್ಲಿಸಿ ಹೋಸ್ಟ್ ಕಡೆ ಎಷ್ಟು ಸಲ ಹೊರಬಂತು ಅನ್ನೂ ಎಣಿಕಿ), ಹಾಲ್ಟ್_ವೇಕಪ್ ಅಂತ ಫೈಲ್ ಕಾಣ್ತಾವು, ಆದ್ರ ರೂಟ್ (ಅಡ್ಮಿನ್ ಅಧಿಕಾರ) ಬೇಕು. ಆ ಡೈರೆಕ್ಟರಿಗೆ ಚ್‌ಮೋಡ್ ಹೊಡದು ಎಲ್ಲಾರಿಗೂ ತೆರೆದುಬಿಡು ಅಂತ ನಮ್ಮಲ್ಲೇ ಒಬ್ರು ಹೇಳ್ತಾರು. ನನಗ ಮನಸ್ಸಿಲ್ಲ. ಸರಿಯಾದ ದಾರಿ ಯಾವುದ್ರಿ?

ದ್ರಾಕ್ಷಿ_ಸರ್ವರ್, ವಿಜಯಪುರ

ಅಕ್ಕಾರ, ಒಳಗಿನ ಅಂಕಿ ಆಗಲೇ ಐತ್ರಿ, ಯಾರ ಪರ್ಮಿಷನ್ನೂ ಬ್ಯಾಡ. ವಿಎಂ ಒಳಗ /ಪ್ರೊಕ್/ಸ್ಟ್ಯಾಟ್ ತಗೀರಿ. "ಸಿಪಿಯು0" ಅನ್ನೂ ಸಾಲಿನಾಗ ಹೆಸರು ಬಿಟ್ಟು ಎಂಟನೇ ಸಂಖ್ಯೆ ಸ್ಟೀಲ್ ಟೈಮ್, ಅಂದ್ರ ವಿಎಂಗೆ ಓಡೂದಿದ್ದರೂ ಸಿಪಿಯು ಸಿಗದ ಕಾದ ಹೊತ್ತು. ಟಾಪ್‌ನಾಗ "ಎಸ್‌ಟಿ" ಅಂತ ಕಾಣೂದು ಅದ. ಈ ಕಾಲಂ ಲಿನಕ್ಸ್ 2.6.11ರಿಂದ ಐತಿ. ಸಾರ್ಟ್ ಶುರು ಆಗೂ ಮುಂಚೆ ಒಮ್ಮೆ, ಮುಗಿದ ಮ್ಯಾಲೆ ಒಮ್ಮೆ ಓದಿ ಕಳೀರಿ.

ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಬಿಲ್ಲಿಂಗ್ ಬಾಡಿಗೆ ವಿಎಂ ಮ್ಯಾಲೆ ಓಡ್ತೈತಿ. ಸೀಸನ್ನಿನಾಗ ನಿಧಾನ ಆದ್ರ ನಾನು ಮೊದಲ ನೋಡೂದು ಈ ಎಸ್‌ಟಿನ. ಅದು ಏರಿದ್ರ ನಮ್ಮ ಡೇಟಾಬೇಸ್ ಬೈಯೂದು ಬಿಟ್ಟು ಬಾಡಿಗಿ ಕೊಟ್ಟವರಿಗೆ ಫೋನ್ ಹಚ್ಚತೀನಿ.

ಒಂದು ಲಕ್ಷ್ಯ ಇರಲಿ: ಆ ಸಂಖ್ಯೆ ಸಾಮಾನ್ಯವಾಗಿ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಾಗ ಇರ್ತೈತಿ, ಅಂದ್ರ 10 ಮಿಲಿಸೆಕೆಂಡ್. 20000 ಸಂಖ್ಯೆ ಸಾರ್ಟ್ ಮಾಡಾಕ ಅಷ್ಟು ಹೊತ್ತೂ ಹಿಡಿಯೂದಿಲ್ಲ. ಅದಕ್ಕ ಒಂದ ಅರೇಯ ಕಾಪಿ ಇಟ್ಕೊಂಡು ಲೂಪಿನಾಗ ಸಾವಿರ ಸಲ ಸಾರ್ಟ್ ಮಾಡಿಸ್ರಿ. ಇಲ್ಲಂದ್ರ ಸ್ಟೀಲ್ ಸೊನ್ನಿ ಅಂತನ ಕಾಣ್ತೈತಿ. ಮತ್ತ ಅದು ಸಿಪಿಯು ಲೆಕ್ಕ, ಪ್ರೋಸೆಸ್ ಲೆಕ್ಕ ಅಲ್ಲ. ಟಾಸ್ಕ್‌ಸೆಟ್ ಹಾಕಿ ಪ್ರೋಗ್ರಾಂ ಒಂದ ಸಿಪಿಯುಕ್ಕ ಕಟ್ಟಿ, ಅದರ ಸಾಲಷ್ಟ ಓದ್ರಿ.

ಉದ್ಯಮಬಾಗ_ಕರ್ನಲ್, ಬೆಳಗಾವಿ

ಮೇಡಂ, ನೀವು ಚ್‌ಮೋಡ್ ಬೇಡ ಅಂದಿದ್ದು ಸರಿ. ಉದ್ಯಮಬಾಗದ ಒಂದು ಫೌಂಡ್ರಿಯ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ, ಅಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. ನೀವು ಹೇಳಿದ ಆ ಡೈರೆಕ್ಟರಿ ಇರುವ ಡೀಬಗ್‌ಎಫ್‌ಎಸ್ ಹೆಸರೇ ಹೇಳುವಂತೆ ಕರ್ನಲ್ ಬರೆಯುವವರ ಅಡುಗೆಮನೆ. ಅಲ್ಲಿನ ಫೈಲ್ ಹೆಸರು ಮುಂದಿನ ಆವೃತ್ತಿಯಲ್ಲಿ ಇರಲೇಬೇಕೆಂಬ ಕರಾರು ಇಲ್ಲ. ಬಾಗಿಲು ತೆರೆದರೆ ಕೆವಿಎಂ ಮಾತ್ರವಲ್ಲ, ಬೇರೆ ಡ್ರೈವರ್‌ಗಳ ಒಳಗುಟ್ಟೂ ತೆರೆದುಕೊಳ್ಳುತ್ತದೆ.

ಈ ಕೊರತೆ ನೀಗಲೆಂದೇ ಲಿನಕ್ಸ್ 5.14ರಲ್ಲಿ, 2021ರಲ್ಲಿ, ಕೆವಿಎಂ_ಗೆಟ್_ಸ್ಟ್ಯಾಟ್ಸ್_ಎಫ್‌ಡಿ ಎಂಬ ಐಯಾಕ್ಟಲ್ (ಪ್ರೋಗ್ರಾಂ ಕರ್ನಲ್‌ಗೆ ಕೊಡುವ ವಿಶೇಷ ಆದೇಶ) ಬಂತು. ವಿಎಂನ ಅಥವಾ ವಿಸಿಪಿಯುನ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಕರ್ನಲ್ ಕೊಡುವ ಹಿಡಿಕೆ ಸಂಖ್ಯೆ) ಮೇಲೆ ಇದನ್ನು ಕರೆದರೆ ಬರೀ ಓದಲು ಬರುವ ಇನ್ನೊಂದು ಡಿಸ್ಕ್ರಿಪ್ಟರ್ ಸಿಗುತ್ತದೆ. ಅದರ ವಿನ್ಯಾಸ ನನಗೆ ತುಂಬಾ ಇಷ್ಟ. ಮೊದಲು ಹೆಡರ್, ಆಮೇಲೆ ಯಾವ ವಿಎಂ ಎಂಬ ಗುರುತು, ಆಮೇಲೆ ಪ್ರತಿ ಅಂಕಿಯ ವಿವರಣೆ, ಕೊನೆಗೆ 64 ಬಿಟ್ ಸಂಖ್ಯೆಗಳ ಸಾಲು. ಅಂಕಿ ಕೂಡುತ್ತಾ ಹೋಗುವುದೋ, ಈ ಕ್ಷಣದ್ದೋ, ಗರಿಷ್ಠವೋ, ಹಿಸ್ಟೋಗ್ರಾಮೋ ಎಂಬುದನ್ನು ವಿವರಣೆಯೇ ಹೇಳುತ್ತದೆ. ಮಾನ ಬೈಟೋ ಸೆಕೆಂಡೋ ಸೈಕಲ್ಲೋ ಎಂಬುದೂ, ಹತ್ತರ ಎಷ್ಟನೇ ಘಾತ ಎಂಬುದೂ ಅಲ್ಲೇ ಇರುತ್ತದೆ. ಸೆಕೆಂಡ್ ಎಂದು ಬರೆದು ಘಾತ -9 ಇದ್ದರೆ ಅದು ನ್ಯಾನೋಸೆಕೆಂಡ್. ಹೀಗಾಗಿ ನಾಳೆ ಹೊಸ ಅಂಕಿ ಸೇರಿದರೂ ಹಳೆಯ ಪ್ರೋಗ್ರಾಂ ಮುರಿಯುವುದಿಲ್ಲ. ವಿವರಣೆಯ ಭಾಗ ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ಓದಿಟ್ಟುಕೊಂಡು, ಆಮೇಲೆ ಒಂದೇ ಪಿ-ರೀಡ್ ಕರೆಯಲ್ಲಿ (ಹೇಳಿದ ಜಾಗದಿಂದ ಓದುವ ಕರೆ) ಅಷ್ಟೂ ಅಂಕಿ ಎತ್ತಬಹುದು.

ಈಗ ಮುಖ್ಯ ಮಾತು: ವಿಎಂನ ಡಿಸ್ಕ್ರಿಪ್ಟರ್ ಯಾರ ಕೈಯಲ್ಲಿದೆಯೋ ಅವರಿಗೇ ಈ ಅಂಕಿ ಸಿಗುವುದು. ನಿಮ್ಮಲ್ಲಿ ಅದು ಕ್ಯೂಎಂಯು, ಅಂದರೆ ಹೋಸ್ಟ್‌ನಲ್ಲಿ ವಿಎಂ ಓಡಿಸುವ ಪ್ರೋಗ್ರಾಂ. ಅದು 7.1ನೇ ಆವೃತ್ತಿಯಿಂದ ಕ್ವೆರಿ-ಸ್ಟ್ಯಾಟ್ಸ್ ಆದೇಶದ ಮೂಲಕ ಈ ಅಂಕಿಗಳನ್ನು ಹೊರಗೆ ಕೊಡುತ್ತದೆ. ಆದರೆ ಕ್ಯೂಎಂಯು ಮಾನಿಟರ್ ಸಾಕೆಟ್ ಯಾರಿಗೂ ಕೊಡಬೇಡಿ, ಅದರಿಂದ ವಿಎಂ ಆರಿಸಲೂಬಹುದು. ಗೋಡೆಯ ಪರದೆಗೆ ಲಿಬ್‌ವರ್ಟ್‌ನ (ವಿಎಂಗಳನ್ನು ನಿರ್ವಹಿಸುವ ತಂತ್ರಾಂಶ) ಓದು-ಮಾತ್ರ ಸಂಪರ್ಕ ಸಾಕು: "ವಿರ್ಶ್ -ಆರ್ ಡಾಮ್‌ಸ್ಟ್ಯಾಟ್ಸ್ --ವಿಸಿಪಿಯು". ಅದರಲ್ಲಿ ವಿಸಿಪಿಯು.0.ಡಿಲೇ ಎಂಬ ಸಾಲು ನೋಡಿ. ಹೋಸ್ಟ್‌ನ ಶೆಡ್ಯೂಲರ್ ಸರತಿಯಲ್ಲಿ ಆ ವಿಸಿಪಿಯು ಕಾದ ಸಮಯ ಅದು, ನ್ಯಾನೋಸೆಕೆಂಡ್‌ನಲ್ಲಿ. ವಿಜಯಪುರದ ಗೆಳೆಯರು ಹೇಳಿದ ಸ್ಟೀಲ್ ಇದೇ ಸಮಯದ ಒಳಗಿನ ನೋಟ.

ನವನಗರ_ಲ್ಯಾಬ್, ಬಾಗಲಕೋಟೆ

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಹೋಸ್ಟ್‌ನ ಅಂಕಿ ವಿಎಂ ಒಳಗ ಹೆಂಗ ಹೊಕ್ಕತೈತಿ ಅನ್ನೂದು ತಿಳೀಬೇಕ್ರಿ. ನಾಳೆ ಹುಡುಗರು ಕೇಳೇ ಕೇಳ್ತಾರು, ನಾನು "ಬರ್ತೈತಿ ಬಿಡ್ರಿ" ಅಂತ ಹೇಳಾಕ ಬರೂದಿಲ್ಲ. ಮತ್ತ ಎಕ್ಸಿಟ್ ಎಣಿಕಿನೂ ಆಯಾ ವಿಎಂ ಒಳಗಿನ ಪ್ರೋಗ್ರಾಂಗೆ ಕೊಡಾಕ ಬರ್ತೈತೇನ್ರಿ? ಆಪರೇಟಿಂಗ್ ಸಿಸ್ಟಮ್ ಪ್ರಾಜೆಕ್ಟ್ ಮಾಡೂ ಒಂದು ಗುಂಪಿಗೆ ಅದರ ಆಸೆ ಭಾಳ ಐತಿ.

ಉದ್ಯಮಬಾಗ_ಕರ್ನಲ್, ಬೆಳಗಾವಿ

ಮೊದಲನೆಯದು. ವಿಎಂ ಒಳಗಿನ ಕರ್ನಲ್ ಏಳುವಾಗ ತನ್ನ ಮೆಮೊರಿಯಲ್ಲಿ ಪ್ರತಿ ಸಿಪಿಯುಗೂ 64 ಬೈಟ್ ಜಾಗ ಮಾಡಿ, ಅದರ ವಿಳಾಸವನ್ನು ಒಂದು ಎಂಎಸ್‌ಆರ್‌ಗೆ (ಸಿಪಿಯುನ ವಿಶೇಷ ರಿಜಿಸ್ಟರ್) ಬರೆಯುತ್ತದೆ. ಎಕ್ಸ್86ರಲ್ಲಿ ಅದರ ಸಂಖ್ಯೆ ಹೆಕ್ಸ್‌ನಲ್ಲಿ 4ಬಿ564ಡಿ03. ಮೊದಲ ಮೂರು ಬೈಟ್ ಆಸ್ಕಿಯಲ್ಲಿ ಓದಿಸಿ, ಕೆ, ವಿ, ಎಂ ಎಂದು ಬರುತ್ತದೆ, ಹುಡುಗರಿಗೆ ಖುಷಿಯಾಗುತ್ತದೆ. ಆ ವಿಸಿಪಿಯು ಮತ್ತೆ ಓಡುವ ಸರದಿ ಬಂದಾಗ ಹೋಸ್ಟ್ ಅಲ್ಲಿ ಕಾದ ಸಮಯ ಕೂಡಿಸುತ್ತದೆ. ಜೊತೆಗೊಂದು ಆವೃತ್ತಿ ಸಂಖ್ಯೆಯೂ ಇದೆ: ಅದು ಬೆಸ ಇದ್ದರೆ ಹೋಸ್ಟ್ ಇನ್ನೂ ಬರೆಯುತ್ತಿದೆ ಎಂದರ್ಥ, ಒಳಗಿನ ಕರ್ನಲ್ ಮತ್ತೆ ಓದಬೇಕು. ಲಾಕ್ ಇಲ್ಲ, ವಿಎಂ ಹೊರಗೆ ಹೋಗಿ ಬರುವ ಖರ್ಚೂ ಇಲ್ಲ.

ಎರಡನೆಯದು ತಾನಾಗಿ ಬರುವುದಿಲ್ಲ, ನೀವು ಕಟ್ಟಬೇಕು. ವರ್ಟಿಯೋ-ವಿಸಾಕ್ ಬಳಸಿ, ಅದು ಹೋಸ್ಟ್ ಮತ್ತು ವಿಎಂ ನಡುವೆ ನೇರ ಮಾತಿನ ಸಾಕೆಟ್. ಹೋಸ್ಟ್‌ನಲ್ಲಿ ಒಂದು ಚಿಕ್ಕ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಲಿಬ್‌ವರ್ಟ್‌ನಿಂದ ಓದುತ್ತಾ ಒಂದು ವಿಸಾಕ್ ಪೋರ್ಟ್‌ನಲ್ಲಿ ಕಾಯಲಿ. ವಿಎಂ ಒಳಗಿನ ಸಾದಾ ಪ್ರೋಗ್ರಾಂ ಸಿಐಡಿ (ವಿಸಾಕ್‌ನ ವಿಳಾಸ ಸಂಖ್ಯೆ) 2ಕ್ಕೆ, ಅಂದರೆ ಹೋಸ್ಟ್‌ಗೆ, ಕನೆಕ್ಟ್ ಆಗಲಿ. ಕರೆದವರ ಸಿಐಡಿ ಡೀಮನ್‌ಗೆ ಕಾಣುತ್ತದೆ, ವಿಎಂ ಅದನ್ನು ಸುಳ್ಳು ಹೇಳಲಾಗದು. ಹಾಗಾಗಿ ಯಾವ ವಿಎಂ ಕೇಳಿತೋ ಅದರ ಅಂಕಿ ಮಾತ್ರ ಕೊಡಿ. ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಬೇಡ.

ಟಿಳಕವಾಡಿ_ಭದ್ರತೆ, ಬೆಳಗಾವಿ

ಅದರ ಅಂಕಿ ಮಾತ್ರ ಎಂಬ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿಯಿರಿ ಮೇಡಂ. ಅಂಕಿಅಂಶ ಓದಿದರೆ ಏನಾಗುತ್ತದೆ ಎಂದು ಅನ್ನಿಸುತ್ತದೆ. ಇಂಟೆಲ್ ಪ್ರೊಸೆಸರ್‌ನ ವಿದ್ಯುತ್ ಬಳಕೆಯ ಕೌಂಟರ್ ಲಿನಕ್ಸ್‌ನಲ್ಲಿ ಯಾವ ಯೂಸರ್ ಬೇಕಾದರೂ ಓದುವಂತಿತ್ತು. 2020ರಲ್ಲಿ ಪ್ಲಾಟಿಪಸ್ ಎಂಬ ದಾಳಿ ಆ ಅಂಕಿಗಳಿಂದಲೇ ಗುಪ್ತ ಕೀಗಳನ್ನು ಊಹಿಸಬಹುದೆಂದು ತೋರಿಸಿತು. ಆಮೇಲೆ ಆ ಫೈಲ್ ರೂಟ್‌ಗೆ ಮಾತ್ರ ಎಂದಾಯಿತು. ಪಕ್ಕದ ವಿಎಂನ ಎಕ್ಸಿಟ್ ಎಣಿಕೆ ಸೂಕ್ಷ್ಮ ಕಾಲಮಾನದಲ್ಲಿ ಸಿಕ್ಕರೆ ಅಲ್ಲೇನು ನಡೆದಿದೆ ಎಂಬ ಸುಳಿವೂ ಸಿಗುತ್ತದೆ. ಗೋಡೆಯ ಪರದೆಗೆ ಸೆಕೆಂಡಿಗೊಮ್ಮೆ ಸಾಕು, ಡೀಮನ್ ಕೂಡ ಅದಕ್ಕಿಂತ ಬೇಗ ಉತ್ತರಿಸದಿರಲಿ. ಡೀಮನ್‌ಗೆ ಪ್ರತ್ಯೇಕ ಯೂಸರ್ ಮಾಡಿ, ಓದು-ಮಾತ್ರ ಸಂಪರ್ಕವನ್ನಷ್ಟೇ ಕೊಡಿ.

ನವನಗರ_ಲ್ಯಾಬ್, ಬಾಗಲಕೋಟೆ

ಆತ್ರಿ, ಹಂಗ ಮಾಡ್ತೀನಿ. ಸ್ಟೀಲ್ ಓದೂದು ಇವತ್ತ ಹಚ್ಚಿ ನೋಡಿದೆ. ಎರಡು ಬ್ಯಾಚ್ ಕುಂತಾಗ ಸ್ಟೀಲ್ ಏರಿದ ಓಟಗಳ ಗ್ರಾಫಿನಾಗ ಹಾದಿ ತಪ್ಪಿದ್ವು. ಆ ಹುಡುಗಿಗೆ ತೋರಿಸಿದೆ. ಆಕಿ ತನ್ನ ಹಳೇ ಪಾರ್ಟಿಷನ್ ಫಂಕ್ಷನ್ ಗಿಟ್‌ನಿಂದ ವಾಪಸ್ ತಂದ್ಲು. ರೆಕಾರ್ಡ್ ಬುಕ್ಕಿನಾಗ ಎನ್, ಟೈಮ್ ಜೋಡಿ ಸ್ಟೀಲ್ ಅಂತ ಮೂರನೇ ಕಾಲಂ ಹಾಕಸ್ತೀನಿ, ಸ್ಟೀಲ್ ಹೆಚ್ಚಿದ್ದ ಓಟಕ್ಕ ಮಾರ್ಕ್ಸ್ ಕಡಿಬಾರದು ಅಂತ ವಿಭಾಗದಾಗ ಮಾತಾಡ್ತೀನಿ.

ಇನ್ನೊಂದ ಸಂಶಯ: ಗೋಡಿ ಗಡಿಯಾರದ ಬದಲಿ ಕ್ಲಾಕ್_ಪ್ರೋಸೆಸ್_ಸಿಪಿಯುಟೈಮ್_ಐಡಿ (ಪ್ರೋಗ್ರಾಂ ಬಳಸಿದ ಸಿಪಿಯು ಹೊತ್ತಷ್ಟ ಎಣಿಸೂ ಗಡಿಯಾರ) ಬಳಸಿದ್ರ ಸ್ಟೀಲ್ ತಾನ ಕಳೀತೈತೇನ್ರಿ?

ಉದ್ಯಮಬಾಗ_ಕರ್ನಲ್, ಬೆಳಗಾವಿ

ವಿಎಂ ಒಳಗಿನ ಕರ್ನಲ್ ಕಟ್ಟುವಾಗ ಪ್ಯಾರಾವರ್ಟ್_ಟೈಮ್_ಅಕೌಂಟಿಂಗ್ ಆಯ್ಕೆ ಹಾಕಿದ್ದರೆ ಕಳೆಯುತ್ತದೆ, ಇಲ್ಲದಿದ್ದರೆ ಇಲ್ಲ. /ಬೂಟ್ ಒಳಗಿನ ಕಾನ್ಫಿಗ್ ಫೈಲ್‌ನಲ್ಲಿ ಗ್ರೆಪ್ ಮಾಡಿ ನೋಡಿ. ಹಾಕಿದ್ದರೂ ಸ್ಟೀಲ್ ಕಾಲಂ ಬಿಡಬೇಡಿ ಮೇಡಂ. ಬೇರೆ ವಿಎಂ ಓಡಿ ಹೋದ ಮೇಲೆ ಕ್ಯಾಶ್ ತಣ್ಣಗಾಗಿರುತ್ತದೆ, ಅದರಿಂದ ಆದ ತಡ ಯಾವ ಗಡಿಯಾರದಲ್ಲೂ ಕಳೆಯುವುದಿಲ್ಲ.