ಡೀಕನ್ ಅಂದರೆ ಅರ್ಧ ಪಾದ್ರಿಯಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಕಥೋಲಿಕರು. ನಮ್ಮ ಯಜಮಾನರಿಗೆ ಈಗ 41 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಇಬ್ಬರು ಮಕ್ಕಳು. ಮೂರು ತಿಂಗಳಿಂದ, ಚರ್ಚಿನಲ್ಲಿ ಪಾದ್ರಿಗಿಂತ ಕೆಳಗಿನ ಪಟ್ಟದ ಡೀಕನ್ ಆಗ್ತೀನಿ ಅಂತ ಹಟ ಹಿಡಿದಿದ್ದಾರೆ. ನಾನು ನೋಡಿರೋ ಡೀಕನ್‌ಗಳೆಲ್ಲ ಗುರುದೀಕ್ಷೆಗೆ, ಅಂದರೆ ಪಾದ್ರಿ ಆಗೋದಕ್ಕೆ, ಮುಂಚೆ ಕೆಲವು ತಿಂಗಳು ಆ ಪಟ್ಟದಲ್ಲಿರೋ ಹುಡುಗರು. ಸಂಸಾರಸ್ಥರು ಆಗೋದು ಹೇಗೆ? ಎಷ್ಟು ವರ್ಷ ಓದಬೇಕು? ಇರೋ ಕೆಲಸ ಬಿಡಬೇಕಾ? ನನ್ನ ಒಪ್ಪಿಗೆಯೂ ಬೇಕಂತೆ. ಅದು ಬರೀ ಶಾಸ್ತ್ರಕ್ಕಾ?

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಶಾಸ್ತ್ರಕ್ಕಲ್ಲ. ಮದುವೆಯಾದವರು ಡೀಕನ್ ಆಗಬೇಕಾದರೆ 35 ತುಂಬಿರಬೇಕು, ಹೆಂಡತಿಯ ಒಪ್ಪಿಗೆ ಇರಬೇಕು. ಎರಡನ್ನೂ ಧರ್ಮಸಭೆಯ ಕಾನೂನಿನ 1031ನೇ ನಿಯಮ ಒಟ್ಟಿಗೇ ಹೇಳುತ್ತೆ. ನಾನೂ ಸಂಸಾರಸ್ಥ ಡೀಕನ್ನೇ, ನನ್ನ ಹೆಂಡತಿ ಮೊದಲ ಸಲ ಬೇಡ ಅಂದಳು. "ಮನೇಲಿ ಮಕ್ಕಳ ಹೋಂವರ್ಕ್ ನೋಡಿ, ಆಮೇಲೆ ಊರಿನ ಸೇವೆ" ಅಂತ. ಎರಡು ವರ್ಷ ಹೋಂವರ್ಕೇ ನೋಡಿದೆ.

ಸಹಿ ಹಾಕೋ ಮುಂಚೆ ಒಂದು ವಿಷಯ ತಿಳಿದುಕೊಂಡಿರಿ. ಯಾಕೋ ಇದನ್ನು ಯಾರೂ ಮೊದಲ ದಿನ ಹೇಳಲ್ಲ. ದೀಕ್ಷೆ ಆದಮೇಲೆ ಹೆಂಡತಿ ತೀರಿಕೊಂಡರೆ ಡೀಕನ್ ಮರುಮದುವೆ ಆಗುವಂತಿಲ್ಲ. ರೋಮಿನಿಂದ ವಿನಾಯಿತಿ ಸಿಕ್ಕರೆ ಬೇರೆ ಮಾತು, ಆದರೆ ಅದನ್ನು ನಂಬಿಕೊಂಡು ಯಾರೂ ಹೆಜ್ಜೆ ಇಡಬಾರದು. ನಿಮ್ಮ ಮಕ್ಕಳು ಚಿಕ್ಕವರಾಗಿದ್ದರೆ ಇದನ್ನು ಇಬ್ಬರೂ ಕೂತು ಬಾಯಿಬಿಟ್ಟು ಮಾತಾಡಿ.

ನೀವು ನೋಡಿರೋ ಹುಡುಗರಿಗೆ ಅದು ಗುರುಪಟ್ಟದ ಹಿಂದಿನ ಮೆಟ್ಟಿಲು. ನಿಮ್ಮ ಯಜಮಾನರು ಕೇಳ್ತಿರೋದು ಶಾಶ್ವತ ಡೀಕನ್ ಪಟ್ಟ, ಅಂದರೆ ಕೊನೆವರೆಗೂ ಡೀಕನ್ನೇ. ಇದೇನೂ ಹೊಸ ಪದ್ಧತಿಯಲ್ಲ. ಬೈಬಲಿನಲ್ಲಿ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ಸಾಲಲ್ಲೇ ಸಭಾಧ್ಯಕ್ಷರ ಪಕ್ಕದಲ್ಲಿ ಸಭಾಸೇವಕರೂ, ಅಂದರೆ ಡೀಕನ್‌ಗಳೂ, ಇದ್ದಾರೆ. ಪೂರ್ವದ ಸಭೆಗಳಲ್ಲಿ ಅದು ತಪ್ಪದೆ ಉಳಿದುಕೊಂಡು ಬಂತು. ಪಶ್ಚಿಮದಲ್ಲಿ ಸವೆದು ಸವೆದು ಬರೀ ಮೆಟ್ಟಿಲಾಯ್ತು. ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಮತ್ತೆ ಬಾಗಿಲು ತೆರೆಯಿತು, 1967ರಲ್ಲಿ ಆರನೇ ಪೌಲ್ ಪೋಪ್ ನಿಯಮ ಬರೆದುಕೊಟ್ಟರು.

ಓದು ಕನಿಷ್ಠ ಮೂರು ವರ್ಷ. 1998ರಲ್ಲಿ ರೋಮ್ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಪಾಠ ಒಂದು ಸಾವಿರ ಗಂಟೆಗೆ ಕಮ್ಮಿ ಇರಬಾರದು. ಅದಕ್ಕೂ ಮುಂಚೆ ಒಂದಷ್ಟು ಕಾಲ ನಿಮ್ಮವರನ್ನು ಸುಮ್ಮನೆ ಗಮನಿಸ್ತಾರೆ. ಬೈಬಲ್, ದೈವಶಾಸ್ತ್ರ, ನೀತಿ, ಧರ್ಮಸಭೆಯ ಕಾನೂನು, ಪೂಜಾವಿಧಿ, ಪ್ರಬೋಧನೆ (ಪೂಜೆಯಲ್ಲಿನ ಪ್ರವಚನ) ಮಾಡೋ ಕಲೆ, ಎಲ್ಲ ಇರುತ್ತೆ. ನಡುವೆ ವಾಚಕ (ಪೂಜೆಯಲ್ಲಿ ಬೈಬಲ್ ಓದೋನು) ಮತ್ತು ಪೀಠಸೇವಕ (ಪೂಜಾಪೀಠದಲ್ಲಿ ನೆರವಾಗೋನು) ಅನ್ನೋ ಎರಡು ಸೇವೆಗಳಿಗೆ ನೇಮಿಸ್ತಾರೆ. ಪೀಠಸೇವಕ ಆದಮೇಲೆ ಆರು ತಿಂಗಳಾದರೂ ಕಳೆಯದೆ ದೀಕ್ಷೆ ಇಲ್ಲ. ಕೆಲಸಕ್ಕೆ ಹೋಗೋರಿಗೆ ತರಗತಿಗಳು ಹೆಚ್ಚಾಗಿ ಸಂಜೆ ಹೊತ್ತು, ವಾರಾಂತ್ಯ.

ಪುಸ್ತಕ ಹೇಗೋ ತಲೆಗೆ ಹತ್ತುತ್ತೆ. ನನಗೆ ಕಷ್ಟವಾಗಿದ್ದು ಆಸ್ಪತ್ರೆ. ಒಬ್ಬ ಅಜ್ಜಿಯ ಮಂಚದ ಪಕ್ಕ ನಿಂತು ಕಂಠಪಾಠ ಮಾಡಿದ್ದ ಪ್ರಾರ್ಥನೆಯನ್ನು ತಡವರಿಸದೆ ಹೇಳಿ ಮುಗಿಸಿದೆ. ಖುಷಿಯಾಗಿ ಹೊರಗೆ ಬಂದರೆ ನಮಗೆ ತರಬೇತಿ ಕೊಡ್ತಿದ್ದ ಹಿರಿಯ ಗುರುಗಳು, "ಆಯಮ್ಮ ಏನೋ ಹೇಳ್ತಿದ್ದರಲ್ಲ, ಏನದು?" ಅಂದರು. ನನ್ನ ಕಿವಿಗೇ ಬಿದ್ದಿರಲಿಲ್ಲ. "ವಾಪಸ್ ಹೋಗಿ ಕೇಳಿಕೊಂಡು ಬಾ" ಅಂದರು. ಹೋಗಿ ಕೇಳಿದೆ. ಕನ್ನಡಕ ಮಂಚದ ಕೆಳಗೆ ಬಿದ್ದಿದೆಯಂತೆ, ಬೆಳಿಗ್ಗೆಯಿಂದ ಯಾರೂ ಎತ್ತಿಕೊಟ್ಟಿಲ್ಲವಂತೆ.

ಕೆಲಸ ಬಿಡಬೇಕಿಲ್ಲ. ಸ್ವಂತ ಉದ್ಯೋಗದಲ್ಲಿ ಸಂಪಾದನೆ ಇರೋ ಡೀಕನ್ ಅದರಲ್ಲೇ ಸಂಸಾರ ನಡೆಸಬೇಕು ಅನ್ನೋದೇ ಸಾಮಾನ್ಯ ನಿಯಮ. ಸಂಬಳದ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಇನ್ನೊಬ್ಬ ಸದಸ್ಯರು: ಹಾಗಾದರೆ ಇವರು ಅರ್ಧ ಪಾದ್ರಿ ಇದ್ದಂಗಾ? ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ಈ "ಅರ್ಧ ಪಾದ್ರಿ" ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ! ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಅರ್ಪಿಸೋದು, ಪಾಪನಿವೇದನೆ ಕೇಳೋದು, ರೋಗಿಗಳಿಗೆ ಪವಿತ್ರ ಎಣ್ಣೆ ಹಚ್ಚೋ ತೈಲಾಭ್ಯಂಗ ಕೊಡೋದು, ಈ ಮೂರೂ ನಮ್ಮ ಕೈಯಲ್ಲಿಲ್ಲ. ಜ್ಞಾನಸ್ನಾನ ಕೊಡ್ತೀವಿ, ಅಧಿಕಾರ ಕೊಟ್ಟಿದ್ದರೆ ಮದುವೆ ನಡೆಸ್ತೀವಿ, ಶವಸಂಸ್ಕಾರ ಮಾಡ್ತೀವಿ. ಪೂಜೆಯಲ್ಲಿ ಶುಭಸಂದೇಶ ಓದೋದು ಡೀಕನ್. ಅವನಿದ್ದರೆ ಗುರುಗಳು ಓದಲ್ಲ, ಕೂತು ಕೇಳ್ತಾರೆ. ಪಾನಪಾತ್ರೆಗೆ ದ್ರಾಕ್ಷಾರಸ ಸುರಿದು ಅದಕ್ಕೆ ಒಂದೆರಡು ಹನಿ ನೀರು ಬೆರೆಸೋದೂ ನಮ್ಮದೇ ಕೆಲಸ. ಮೊದಲ ದಿನ ಕೈ ನಡುಗಿ ನಾಲ್ಕೈದು ಹನಿ ಹೆಚ್ಚೇ ಬಿತ್ತು. ಪೂಜೆಗೆ ಹಾಕೋ ಉದ್ದನೆ ಬಟ್ಟೆಪಟ್ಟಿ, ಅಂದರೆ ಸ್ಟೋಲ್, ಹಾಕೋದರಲ್ಲೂ ಗುರುತು ಸಿಗುತ್ತೆ: ಗುರುಗಳದು ಕತ್ತಿನಿಂದ ನೇರ ಇಳಿದಿರುತ್ತೆ, ಡೀಕನ್‌ನದು ಎಡ ಹೆಗಲಿಂದ ಬಲಕ್ಕೆ ಓರೆಯಾಗಿರುತ್ತೆ.

ದೀಕ್ಷೆಯ ದಿನ ನೋಡಿ. ಗುರುದೀಕ್ಷೆಯಾದರೆ ಬಿಷಪರ ಹಿಂದೆ ನೆರೆದ ಗುರುಗಳೆಲ್ಲ ಸಾಲಾಗಿ ಬಂದು ತಲೆ ಮೇಲೆ ಕೈ ಇಡ್ತಾರೆ. ಡೀಕನ್‌ಗೆ ಬಿಷಪರೊಬ್ಬರದೇ ಕೈ. ಅವನು ಬಿಷಪರ ಸೇವೆಗೆ ನಿಂತವನು, ಗುರುಗಳ ಸಹಾಯಕನಲ್ಲ ಅನ್ನೋದು ಅದರ ಅರ್ಥ. ಹಾಗಂತ ತಲೆ ತಿರುಗಬಾರದು. ಆ ಕಾಯಿಲೆ ಹಳೇದು: 325ರ ನೈಸಿಯಾ ಮಹಾಸಭೆ ತನ್ನ 18ನೇ ನಿಯಮದಲ್ಲಿ, ಗುರುಗಳಿಗೇ ಪರಮಪ್ರಸಾದ (ಪೂಜೆಯ ಪವಿತ್ರ ರೊಟ್ಟಿ) ಹಂಚಲು ಹೊರಟಿದ್ದ ಡೀಕನ್‌ಗಳಿಗೆ ನಿಮ್ಮ ಮಿತಿಯಲ್ಲಿರಿ ಅಂತ ಬುದ್ಧಿ ಹೇಳಿದೆ.

ಮತ್ತೊಬ್ಬರು: ಬ್ರದರ್, ನಮ್ಮದು ಬ್ಯಾಪ್ಟಿಸ್ಟ್ ಸಭೆ. ನಮ್ಮಲ್ಲಿ ಡೀಕನ್‌ರನ್ನು ಸಭೆಯೇ ಆರಿಸುತ್ತೆ. ಓದೂ ಇಲ್ಲ, ಗೀದೂ ಇಲ್ಲ. ಕಾಣಿಕೆ ಎಣಿಸ್ತಾರೆ, ಬಡವರ ಮನೆ ನೋಡಿಕೊಳ್ತಾರೆ. ಇದು ಸರಿನಾ?

ಉತ್ತರ: ಸರಿಯಾಗೇ ಇದೆ ಬ್ರದರ್. ಮೂಲಕ್ಕೆ ಹೋದರೆ ನಿಮ್ಮದೇ ಹತ್ತಿರ ಅಂತ ವಾದ ಮಾಡೋರೂ ಇದ್ದಾರೆ. ದಿಯಾಕೊನೊಸ್ ಅನ್ನೋ ಗ್ರೀಕ್ ಪದಕ್ಕೆ ಸೇವಕ ಅಂತಲೇ ಅರ್ಥ. ಕಾನಾ ಊರಿನ ಮದುವೆಯಲ್ಲಿ ಬಾನೆಗೆ ನೀರು ತುಂಬಿದ ಆಳುಗಳಿಗೂ ಯೋಹಾನ ಬಳಸಿರೋದು ಅದೇ ಪದ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ಸ್ತೆಫನ ಮೊದಲಾದ ಏಳು ಜನರನ್ನು ಆರಿಸಿದ್ದು ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯ ಆಗ್ತಿದೆ ಅನ್ನೋ ದೂರು ಬಂದಾಗ. ಆದರೆ ಆ ಅಧ್ಯಾಯ ಅವರನ್ನು ಎಲ್ಲೂ ಡೀಕನ್ ಅಂತ ಕರೆದಿಲ್ಲ, ಆ ಹೆಸರು ಅಂಟಿದ್ದು ಆಮೇಲೆ. ಪ್ರೊಟೆಸ್ಟಂಟ್ ಸುಧಾರಕ ಕಾಲ್ವಿನ್ ಕೂಡ 1541ರಲ್ಲಿ ಜಿನೀವಾ ಸಭೆಗೆ ಮಾಡಿಕೊಟ್ಟ ಕಟ್ಟಳೆಯಲ್ಲಿ ಬಡವರ ನಿಧಿಯನ್ನೂ ರೋಗಿಗಳ ಆರೈಕೆಯನ್ನೂ ಡೀಕನ್‌ಗಳಿಗೇ ವಹಿಸಿದರು.

ಓದು ಬೇಡ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ತಿಮೊಥೇಯನಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯ, ಇವರನ್ನು ಮೊದಲು ಪರೀಕ್ಷಿಸಿ ಅಂತಲೇ ಹೇಳುತ್ತೆ. ಹಣ ಎಣಿಸೋರಿಗೆ ಲೆಕ್ಕ ಇಡೋದನ್ನಾದರೂ ಕಲಿಸಿ.

ಒಬ್ಬ ಸದಸ್ಯೆ: ಹೆಂಗಸರಿಗೆ?

ಉತ್ತರ: ಸಭೆಯಿಂದ ಸಭೆಗೆ ಬೇರೆ. ಆಂಗ್ಲಿಕನ್, ಮೆಥೋಡಿಸ್ಟ್ ಸಭೆಗಳ ಹಲವೆಡೆ ಇದ್ದಾರೆ. ಲುಥೆರನ್ನರಲ್ಲಿ 1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಶುರುವಾದ ಡೀಕನೆಸ್ (ಸೇವೆಗೆ ನಿಂತ ಹೆಂಗಸರ) ಮನೆ ಹೆಸರುವಾಸಿ, ಫ್ಲಾರೆನ್ಸ್ ನೈಟಿಂಗೇಲ್ ತರಬೇತಿ ಪಡೆದದ್ದು ಅಲ್ಲೇ. ನಮ್ಮ ಕಥೋಲಿಕರಲ್ಲಿ ಇಲ್ಲ. ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು, 2020ರಲ್ಲಿ ಇನ್ನೊಂದು ಅಧ್ಯಯನ ಸಮಿತಿ ಮಾಡಿದರು. ರೋಮನರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲ ಫೊಯಿಬೆ ಅನ್ನೋ ಹೆಂಗಸನ್ನು ಅದೇ ದಿಯಾಕೊನೊಸ್ ಪದದಿಂದ ಕರೀತಾನೆ. ಅದು ಪಟ್ಟವೋ ಬರೀ ಸೇವೆಯೋ ಅಂತ ಪಂಡಿತರು ಇನ್ನೂ ಜಗಳ ಆಡ್ತಿದ್ದಾರೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಮರುಮದುವೆ ವಿಷಯ ಓದಿ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ, ಸುಮ್ಮನೆ ಕೂತುಬಿಟ್ಟರು. ಹೆಂಡತಿಯರೂ ತರಗತಿಗೆ ಹೋಗಬಹುದಾ?

ಉತ್ತರ: ಎಷ್ಟೋ ಕಡೆ ಕರೀತಾರೆ, ಹೋಗಿ. ನನ್ನ ಹೆಂಡತಿ ಪ್ರಬೋಧನೆಯ ತರಗತಿಗಳಿಗೆಲ್ಲ ಬಂದಳು. ಈಗಲೂ ನಾನು ಹತ್ತು ನಿಮಿಷ ದಾಟಿದರೆ ಮೂರನೇ ಸಾಲಲ್ಲಿ ಕೂತು ಗಡಿಯಾರ ನೋಡ್ತಾಳೆ.

ಪ್ರಶ್ನೆ ಕೇಳಿದವರು: 😄 ಸಹಿ ಸದ್ಯಕ್ಕೆ ಹಾಕಿಲ್ಲ ಸರ್. ಹೋಂವರ್ಕ್ ಮಾತ್ರ ನಿನ್ನೆಯಿಂದ ಅವರೇ ನೋಡ್ತಿದ್ದಾರೆ.