ಕೋಟೆ ಮೇಲೆ ಗಾಳಿ, ಡೈಲಾಗ್ ಉಳಿಸೋದು ಹೆಂಗೆ?

ದುರ್ಗದ_ಹುಡುಗ:
ಚಿತ್ರದುರ್ಗದ ಕೋಟೆ ಮೇಲೆ ಕಿರುಚಿತ್ರದ ಎರಡು ಸೀನ್ ಐತೆ, ಆಷಾಢದಲ್ಲೇ ಶೂಟ್. ಪರ್ಮಿಷನ್ ಆಗೈತೆ. ಟೆಸ್ಟಲ್ಲಿ ಫೋಮ್ ಹಾಕಿದ ಕಾಲರ್ ಮೈಕಲ್ಲಿ ಬರೀ ಬುಡುಬುಡು ಸದ್ದು. ಎಡಿಟಿಂಗಲ್ಲಿ ಲೋ-ಕಟ್ (ತಗ್ಗಿನ ಸದ್ದು ಕತ್ತರಿಸೋ ಫಿಲ್ಟರ್) ಹಾಕಿದ್ರೂ ಮಾತು ಒಡೆದೇ ಐತೆ. ಪೂರ್ತಿ ಡಬ್ಬಿಂಗೇ ಗತಿನಾ?

ಬೂಮ್_ಕೋಲು:
ಫೋಮ್ ಇರೋದು ಉಸಿರಿನ ಹೊಡೆತಕ್ಕೆ, ಕೋಟೆ ಗಾಳಿಗಲ್ಲ. ಗಾಳಿ ಮೈಕಿನ ಪೊರೆಯನ್ನೇ ತಳ್ಳಿ ಸಿಗ್ನಲ್ ಕತ್ತರಿಸಿ ಹೋದ್ಮೇಲೆ ಯಾವ ಫಿಲ್ಟರ್ರೂ ಮಾತನ್ನ ವಾಪಸ್ ತರಲ್ಲ. ಮೈಕಿಗೆ ಬರೋ ಮುಂಚೆನೇ ತಡೀಬೇಕು. ಬೂಮ್ ಮೈಕನ್ನ (ಕೋಲಿನ ತುದಿಗೆ ಕಟ್ಟಿ ಹಿಡಿಯೋ ಮೈಕ್) ಬ್ಲಿಂಪ್ ಅನ್ನೋ ಗಾಳಿ ತಡೆಯೋ ಪಂಜರದೊಳಗೆ ಕೂರಿಸಿ, ಮೇಲೆ ಉದ್ದ ಕೂದಲಿನ ತುಪ್ಪಳದ ಕವಚ ಹಾಕಿ. ಪಂಜರದೊಳಗಿನ ನಿಂತ ಗಾಳಿನೇ ಅಸಲಿ ರಕ್ಷಣೆ, ತುಪ್ಪಳ ಮೈಕಿಗೆ ಅಂಟಿಕೊಂಡ್ರೆ ಅರ್ಧ ಕೆಲಸ ಕೆಟ್ಟಂಗೆ. ಕಾಲರ್ ಮೈಕಿಗೆ ಪುಟ್ಟ ತುಪ್ಪಳದ ಟೋಪಿ ಹಾಕಿ ಬಟ್ಟೆಯ ಒಳಗಡೆ ಅಂಟಿಸಿ, ವೈರನ್ನ ಒಂದು ಸುತ್ತು ಸಡಿಲ ಬಿಡಿ. ಹತ್ತಿ ಬಟ್ಟೆ ಸುಮ್ನಿರುತ್ತೆ. ಪಾಲಿಯೆಸ್ಟರ್, ರೇಷ್ಮೆ ಉಜ್ಜಿ ಸರಸರ ಅನ್ನುತ್ತೆ, ಕಾಸ್ಟ್ಯೂಮಿನವರಿಗೆ ಮೊದಲೇ ಹೇಳಿಬಿಡಿ.

ಲೋ-ಕಟ್ 80 ಹರ್ಟ್ಜ್‌ಗೆ ಮೈಕಲ್ಲೋ ರೆಕಾರ್ಡರಲ್ಲೋ ಶೂಟ್ ಹೊತ್ತಲ್ಲೇ ಹಾಕಿ. ರೆಕಾರ್ಡಿಂಗ್ 48 ಕಿಲೋಹರ್ಟ್ಜ್, 24 ಬಿಟ್‌ಗೆ ಇಡಿ, ಲೆವೆಲ್ ಮೀಟರಲ್ಲಿ ಜೋರಾದ ಮಾತು ಮೈನಸ್ 12 ಡಿಬಿ ದಾಟದಂಗೆ.

ಕಿವಿಗಾರ:
ಬಂಡೆ ಮರೆಗೆ ನಿಂತ್ರೆ ಸಾಕು ಅಂದ್ಕೋಬೇಡಿ. ಬಂಡೆಯ ಅಂಚಲ್ಲಿ ಗಾಳಿ ಸುಳಿ ಹೊಡೆಯುತ್ತೆ, ಅಲ್ಲಿ ಇನ್ನೂ ಜೋರು. ಎದುರಿಗೆ 17 ಮೀಟರ್ ದೂರದಲ್ಲಿ ಬರಿ ಬಂಡೆ ಇದ್ರೆ ಹತ್ತನೇ ಒಂದು ಸೆಕೆಂಡಿಗೆ ಮಾತು ವಾಪಸ್ ಬರುತ್ತೆ, ಮಿಕ್ಸಲ್ಲಿ ತೆಗೆಯೋದು ಕಷ್ಟ. ಚಪ್ಪಾಳೆ ತಟ್ಟಿ ಕೇಳಿ ಜಾಗ ಆರಿಸಿ. ಬಾಗಿಲುಗಳ ನಡುವಿನ ಕಲ್ಲಿನ ಓಣಿಯಲ್ಲಿ ಶಾಟ್‌ಗನ್ ಮೈಕ್ (ನೇರ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯೋ ಉದ್ದ ಕೊಳವೆ ಮೈಕ್) ಬೇಡ, ದನಿ ಡಬ್ಬದೊಳಗಿಂದ ಬಂದಂಗಿರುತ್ತೆ. ಹೈಪರ್‌ಕಾರ್ಡಿಯಾಯ್ಡ್ (ಉದ್ದ ಕೊಳವೆ ಇಲ್ಲದೆ ಮುಂದಿನ ಸದ್ದನ್ನ ಹೆಚ್ಚು ಹಿಡಿಯೋ ಮೈಕ್) ವಾಸಿ.

ಮಿಕ್ಸ್_ಮೇಷ್ಟ್ರು:
ಡಬ್ಬಿಂಗಿಗೆ ಮುಂಚೆ ವೈಲ್ಡ್ ಟ್ರ್ಯಾಕ್ (ಕ್ಯಾಮೆರಾ ಇಲ್ದೆ ಬರೀ ಮಾತು ರೆಕಾರ್ಡ್ ಮಾಡೋದು) ಇದೆ, ಯಾಕೋ ಯಾರೂ ಮಾಡಲ್ಲ. ಟೇಕ್ ಓಕೆ ಆದ ತಕ್ಷಣ, ಕಲಾವಿದರ ಬಾಯಲ್ಲಿ ಲಯ ಇರುವಾಗಲೇ, ಗಾಳಿ ಕಡಿಮೆ ಇರೋ ಮೂಲೆಗೆ ಕರ್ಕೊಂಡು ಹೋಗಿ. ಅದೇ ಮೈಕ್, ಅದೇ ದೂರ, ಅದೇ ಮಾತು ಮೂರು ಸಲ. ತುಟಿಗೆ ಸ್ಟುಡಿಯೋ ಡಬ್ಬಿಂಗಿಗಿಂತ ಚೆನ್ನಾಗಿ ಕೂರುತ್ತೆ. ಒಂದು ನಿಮಿಷ ಬರೀ ಜಾಗದ ಸದ್ದನ್ನೂ ಹಿಡೀರಿ. ಅದು ಮಾತಿನ ಹಿನ್ನೆಲೆಯಲ್ಲಿ ಇಲ್ದಿದ್ರೆ ಡಬ್ ಮಾಡಿದ ಮಾತು ತೆರೆ ಮೇಲೆ ಅಂಟಿಸಿದಂಗೆ ಕೇಳುತ್ತೆ.

ದುರ್ಗದ_ಹುಡುಗ:
32 ಬಿಟ್ ಫ್ಲೋಟ್ ರೆಕಾರ್ಡರ್ (ಜೋರು ಸದ್ದಿಗೂ ಲೆವೆಲ್ ಒಡೆಯದಂಥದ್ದು) ತಂದ್ರೆ ಇದೆಲ್ಲ ಬೇಡ್ವಾ ಸರ್?

ಬೂಮ್_ಕೋಲು:
ಬೇಕೇ ಬೇಕು. ಫ್ಲೋಟ್ ಕಾಯೋದು ರೆಕಾರ್ಡರಿನ ಲೆವೆಲ್ಲನ್ನ, ಮೈಕಿನ ಪೊರೆಯನ್ನಲ್ಲ. ಬಾಡಿಗೆ ದುಡ್ಡು ಇದ್ರೆ ಮೊದಲು ಬ್ಲಿಂಪ್ ತನ್ನಿ.