ಅಪ್‌ಡೇಟ್: ಪ್ಲಗಿನ್‌ನಿಂದ ಮಾಯವಾಗಿದ್ದ ಪಿನ್‌ಕೋಡ್ ಪಟ್ಟಿ ಸಿಕ್ಕಿತು

ಹೋದ ವಾರ ಕೇಳಿದ್ದೆ: ದಾವಣಗೆರೆ ಮಂಡಿಪೇಟೆಯಲ್ಲಿರುವ ನಮ್ಮ ಮಾವನ ಬಟ್ಟೆ ಅಂಗಡಿಯ ವೆಬ್‌ಸೈಟಲ್ಲಿ ಒಂದು ಪ್ಲಗಿನ್ (ಸೈಟಿಗೆ ಹೆಚ್ಚಿನ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಅಪ್‌ಡೇಟ್ ಆದಮೇಲೆ ಪಿನ್‌ಕೋಡ್ ಪ್ರಕಾರ ಡೆಲಿವರಿ ಚಾರ್ಜ್ ಹಾಕುವ ಸೌಲಭ್ಯವೇ ಹೋಗಿದೆ, ತುಂಬಿಟ್ಟಿದ್ದ ಪಟ್ಟಿಯೂ ಅಳಿಸಿಹೋಯಿತೇ ಅಂತ. ಇಲ್ಲ, ಅಳಿಸಿರಲಿಲ್ಲ.

ಹೋಗಿದ್ದು ಪಟ್ಟಿಯನ್ನು ತೋರಿಸುವ ಪುಟ, ಅದನ್ನು ಓದುವ ಕೋಡ್ ಅಷ್ಟೇ. ನಮ್ಮ ಸೈಟ್ ನಡೆಯೋ ವರ್ಡ್‌ಪ್ರೆಸ್‌ನಲ್ಲಿ ಪ್ಲಗಿನ್ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ ಡೇಟಾಬೇಸ್‌ನ ಆಪ್ಷನ್ಸ್ ಟೇಬಲ್‌ನಲ್ಲಿ ಕೂತಿರುತ್ತವೆ. ಪ್ಲಗಿನ್ ತಾನಾಗಿ ಅಳಿಸದಿದ್ದರೆ ಆ ಸಾಲು ಹಾಗೇ ಉಳಿಯುತ್ತೆ. ಪಿಎಚ್‌ಪಿ‌ಮೈಅಡ್ಮಿನ್ (ಡೇಟಾಬೇಸ್ ಒಳಗೆ ನೋಡುವ ಸಾಧನ) ತೆರೆದು ಪ್ಲಗಿನ್ ಹೆಸರಿಂದ ಹುಡುಕಿದೆ. ಒಂದೇ ಉದ್ದ ಸಾಲು. ಮಧ್ಯೆ ದಾವಣಗೆರೆಯ 577001, ಮುಂದೆ ಹರಿಹರದ 577601, ಪಕ್ಕದಲ್ಲೇ ಮಾವ ಹೇಳಿ ಬರೆಸಿದ್ದ ರೇಟು. ನೋಡಿ ಜೀವ ಬಂದಹಾಗಾಯ್ತು.

ಅದನ್ನು ಅಲ್ಲೇ ತಿದ್ದಲು ಹೋಗಬೇಡಿ. ಪ್ರತಿ ಪದದ ಮುಂದೆ ಅದರ ಉದ್ದವೂ ದಾಖಲಾಗಿರುತ್ತೆ, ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಇಡೀ ಸೆಟ್ಟಿಂಗ್ ಕೆಡುತ್ತೆ. ನಾನು ಕಾಪಿ ಮಾಡಿಕೊಂಡು, ಸೈಟಲ್ಲಿ ಅಂಗಡಿ ವ್ಯವಹಾರ ನೋಡಿಕೊಳ್ಳುವ ವೂಕಾಮರ್ಸ್ ಪ್ಲಗಿನ್‌ನ ಶಿಪ್ಪಿಂಗ್ ಜೋನ್‌ಗಳಲ್ಲಿ (ಪ್ರದೇಶಕ್ಕೊಂದು ಡೆಲಿವರಿ ಚಾರ್ಜ್ ಇಡುವ ಜಾಗ) ಸಾಲಿಗೊಂದರಂತೆ ಪಿನ್ ಹಾಕಿದೆ. ಹರಿಹರದ ವಿಳಾಸ ಕೊಟ್ಟು ಆರ್ಡರ್ ಮಾಡಿ ನೋಡಿದೆ, ಚಾರ್ಜ್ ಸರಿಯಾಗಿ ಬಂತು.

ಪ್ಲಗಿನ್ ಡಿಲೀಟ್ ಮಾಡೋಕೆ ಹೊರಟಿದ್ದವನನ್ನು ತಡೆದವರಿಗೆ ನಿಜಕ್ಕೂ ಋಣಿ. ಡಿಆಕ್ಟಿವೇಟ್ ಮಾಡಿದರೆ, ಅಂದ್ರೆ ಬರೀ ನಿಲ್ಲಿಸಿಟ್ಟರೆ, ಸೆಟ್ಟಿಂಗ್ ಸಾಮಾನ್ಯವಾಗಿ ಉಳಿಯುತ್ತೆ. ಡಿಲೀಟ್ ಒತ್ತಿದ್ದರೆ ಪ್ಲಗಿನ್‌ನ ಅನ್‌ಇನ್‌ಸ್ಟಾಲ್ ಫೈಲ್ ಓಡಿ ಆ ಸಾಲನ್ನೂ ಗುಡಿಸಿಬಿಡಬಹುದಿತ್ತು. ಈಗ ಪೂರ್ತಿ ಬ್ಯಾಕಪ್ ತೆಗೆದಿಟ್ಟಿದ್ದೇನೆ, ಹಳೇ ಪ್ಲಗಿನ್ ಇವತ್ತು ರಾತ್ರಿ ತೆಗೀತೀನಿ.